ಗೌರವಾನ್ವಿತ ಮುತ್ತಾತ ಬೇಕಾಗಿದ್ದಾರೆ

ಅಮೆರಿಕದಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದವನು ಮೊದಲು ಮನೆ ಕೊಳ್ಳುತ್ತಾನೆ, ಆಮೇಲೆ ದೋಣಿ ಕೊಳ್ಳುತ್ತಾನೆ. ಅವೆರಡೂ ಪಕ್ಕದ ಮನೆಯವನ ಹತ್ತಿರವೂ ಇವೆಯೆಂದು ಗೊತ್ತಾದ ದಿನ ಮುತ್ತಾತನನ್ನು ಕೊಳ್ಳಲು ಹೊರಡುತ್ತಾನೆ.

ಮುತ್ತಾತನೆಂದರೆ ಯಾವನೋ ಒಬ್ಬ ಆಗುವುದಿಲ್ಲ. ಅವನು ಇಂಗ್ಲೆಂಡಿನವನಾಗಿರಬೇಕು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದಿದ್ದರೆ ಉತ್ತಮ. ಅದರಲ್ಲಿ ಜಾಗ ಸಿಗದಿದ್ದರೆ ಅದರ ಬೆನ್ನಿಗೇ ಬಂದ ಹಡಗು ಮಧ್ಯಮ. ಅವನು ಊರು ಬಿಟ್ಟದ್ದು ದೇವರಿಗಾಗಿ ಇರಬೇಕು, ಸಾಲಗಾರರ ಕಾಟಕ್ಕಲ್ಲ. ಕಪ್ಪು ಟೋಪಿ ಹಾಕಿರಬೇಕು, ಬೈಬಲ್ ಓದಿರಬೇಕು, ಕಾಡು ಕಡಿದಿರಬೇಕು. ಆ ಕಾಡಿನಲ್ಲಿ ಮೊದಲೇ ಇದ್ದ ಜನರಿಗೆ ಏನು ಮಾಡಿದನೆಂಬುದು ದಾಖಲೆಯಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಇಷ್ಟು ಗುಣಗಳಿರುವ ಗಂಡು ಮದುವೆಗೇ ಸಿಗುವುದು ಕಷ್ಟ. ನಾನೂರು ವರ್ಷದ ಹಿಂದಿನ ಮುತ್ತಾತನಾಗಿ ಸಿಗಬೇಕೆಂದರೆ ಖರ್ಚು ಇದ್ದೇ ಇದೆ.

ಹಡಗಿನ ಲೆಕ್ಕ ನೋಡಿ. ಮೇಫ್ಲವರ್‌ನಲ್ಲಿ ಬಂದ ಪ್ರಯಾಣಿಕರು 102. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮಣ್ಣುಪಾಲಾದರು. ಬದುಕಿದ ಎಲ್ಲರಿಗೂ ಮಕ್ಕಳಾಗಲಿಲ್ಲ. ಹಾಗೆ ಉಳಿದ ಕೆಲವೇ ಕುಟುಂಬಗಳ ಸಂತಾನ ಇಂದು ಜಗತ್ತಿನಲ್ಲಿ 3.5 ಕೋಟಿಯಷ್ಟಿದೆ ಎಂದು ಆ ಹಡಗಿನ ವಂಶಸ್ಥರ ಸಂಘದ ಅಂದಾಜು. ಇದರಲ್ಲಿ ಸುಳ್ಳೇನೂ ಇರಬೇಕಾಗಿಲ್ಲ. ಹದಿಮೂರು ತಲೆಮಾರು ದಾಟಿದರೆ ಯಾರ ಸಂತಾನವಾದರೂ ಕೋಟಿ ಮುಟ್ಟೀತು. ಆದರೆ ಅದೇ ಏಣಿಯನ್ನು ಕೆಳಗಿನಿಂದ ಹತ್ತಿ. ಅಪ್ಪ ಅಮ್ಮ ಇಬ್ಬರು, ಅವರನ್ನು ಹೆತ್ತವರು ನಾಲ್ವರು, ಆ ನಾಲ್ವರನ್ನು ಹೆತ್ತವರು ಎಂಟು ಮಂದಿ. ಹೀಗೆ ಹದಿಮೂರನೇ ಮೆಟ್ಟಿಲಿಗೆ ಹೋದಾಗ 8,192 ಹಿರಿಯರು ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಕೂಲಿಯವರು, ಹಾಲು ಕರೆಯುವವರು, ಕುರಿ ಕದ್ದು ಸಿಕ್ಕಿಬಿದ್ದವರು, ಮದುವೆಯಿಲ್ಲದೆ ಹೆತ್ತವರು ಎಲ್ಲರೂ ಇರುತ್ತಾರೆ. ಹಜಾರದ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಳ್ಳುವವನು ಮಾತ್ರ ಒಬ್ಬನೇ. ಎಂಟು ಸಾವಿರ ಲೋಟ ನೀರಿಗೆ ಒಂದು ಲೋಟ ಹಾಲು ಬೆರೆಸಿ ಹಾಲೆಂದು ಮಾರಿದರೆ ನಮ್ಮ ಬೀದಿಯಲ್ಲಿ ಜಗಳವಾಗುತ್ತದೆ; ಮೆಸಾಚುಸೆಟ್ಸ್‌ನಲ್ಲಿ ಅದಕ್ಕೆ ಸದಸ್ಯತ್ವ ಕೊಡುತ್ತಾರೆ. ವಿಜ್ಞಾನಿಗಳು ಇನ್ನೂ ನಿರ್ದಯಿಗಳು. ಅಷ್ಟು ಹಿಂದಿನ ಹಿರಿಯರಲ್ಲಿ ಬಹುಪಾಲು ಜನರ ಡಿಎನ್‌ಎಯ ಒಂದು ತುಣುಕೂ ನಮ್ಮಲ್ಲಿ ಉಳಿದಿರುವುದಿಲ್ಲ ಎನ್ನುತ್ತಾರೆ. ಅಂದರೆ ಆ ಒಂದು ಲೋಟವೂ ಅನುಮಾನ.

ಹಾಗೆಂದು ಸಂಘದವರನ್ನು ಹಗುರವಾಗಿ ಕಾಣುವಂತಿಲ್ಲ. 1897ರಲ್ಲಿ ಹುಟ್ಟಿದ ಆ ಸಂಘ ಪ್ರತಿ ತಲೆಮಾರಿಗೂ ಜನನ, ಮದುವೆ, ಮರಣದ ಪುರಾವೆ ಕೇಳುತ್ತದೆ. ನಡುವೆ ಒಂದು ಕೊಂಡಿ ತಪ್ಪಿದರೂ ಅರ್ಜಿ ವಾಪಸ್. ಮೊದಲ ಐದು ತಲೆಮಾರುಗಳನ್ನು ಅವರೇ ಶೋಧಿಸಿ ಬೆಳ್ಳಿ ಬಣ್ಣದ ರಟ್ಟಿನ ಪುಸ್ತಕಗಳಲ್ಲಿ ಅಚ್ಚು ಹಾಕಿಟ್ಟಿದ್ದಾರೆ. ನಮ್ಮ ನಾಡಕಚೇರಿ ಕೂಡ ಒಂದು ಜಾತಿ ಪ್ರಮಾಣಪತ್ರಕ್ಕೆ ಇಷ್ಟು ಕಾಗದ ಕೇಳುವುದಿಲ್ಲ. ಇಷ್ಟು ಕಾಗದ ಒದಗಿಸಿ, ಬೆವರು ಸುರಿಸಿ, ಕೊನೆಗೆ ಸಿಗುವ ಮುತ್ತಾತ ಎಂಥವನು ಎಂಬುದೇ ಈ ಬರಹದ ತಕರಾರು.

ಆ ಹಡಗಿನಲ್ಲಿದ್ದವರೆಲ್ಲ ಧರ್ಮಕ್ಕಾಗಿ ದೇಶ ಬಿಟ್ಟ ಪುಣ್ಯಾತ್ಮರಲ್ಲ. ಹತ್ತಿರ ಹತ್ತಿರ ಅರ್ಧ ಜನ ಹೊಟ್ಟೆಪಾಡಿಗೆ, ಜಮೀನಿಗೆ, ಯಜಮಾನನ ಹಿಂದೆ ಆಳಾಗಿ ಬಂದವರು. ಜಾನ್ ಹೌಲ್ಯಾಂಡ್‌ನನ್ನೇ ತೆಗೆದುಕೊಳ್ಳಿ. ಜಾನ್ ಕಾರ್ವರ್ ಎಂಬ ಧನಿಯ ಆಳು. ನಡು ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದಾಗ ಯಾಕೋ ಮೇಲೆ ಅಟ್ಟಕ್ಕೆ ಬಂದ, ಹಡಗು ವಾಲಿತು, ನೀರಿಗೆ ಬಿದ್ದ. ಅದೃಷ್ಟಕ್ಕೆ ಹಾಯಿಯ ಹಗ್ಗವೊಂದು ಹೊರಗೆ ಜೋತಾಡುತ್ತಿತ್ತು, ಅದನ್ನು ಹಿಡಿದುಕೊಂಡ. ಮೇಲಿದ್ದವರು ದೋಣಿಯ ಕೊಕ್ಕೆ ಹಾಕಿ ಎಳೆದು ಹಾಕಿದರು. ಆಮೇಲೆ ಎಲಿಜಬೆತ್ ಟಿಲ್ಲಿಯನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಪಡೆದ. ಇಬ್ಬರು ಬುಷ್ ಅಧ್ಯಕ್ಷರೂ ನಟ ಹಂಫ್ರಿ ಬೋಗಾರ್ಟನೂ ಈ ಒದ್ದೆ ಆಳಿನ ಸಂತಾನ. ಹಗ್ಗ ಒಂದು ಮೊಳ ಕಡಿಮೆಯಿದ್ದಿದ್ದರೆ ಇರಾಕ್ ಯುದ್ಧಕ್ಕೆ ಬೇರೆ ಯಾರನ್ನಾದರೂ ಹುಡುಕಬೇಕಾಗುತ್ತಿತ್ತು.

ನನಗೆ ಈ ಕಥೆ ಬಹಳ ಇಷ್ಟ. ಆಳಾಗಿ ಬಂದ, ಬಿದ್ದ, ಹಿಡಿದ, ಬದುಕಿದ. ಇದಕ್ಕಿಂತ ದೊಡ್ಡ ಬಿರುದು ಯಾವ ಮುತ್ತಾತನಿಗೆ ಬೇಕು? ಮೊಮ್ಮಕ್ಕಳಿಗೆ ಬೇಕಾಗಿತ್ತು. ಎಲಿಜಬೆತ್ ಗವರ್ನರ್ ಕಾರ್ವರ್ ಮನೆಯ ಹುಡುಗಿ ಎಂದು ಅವರು ಬಹುಕಾಲ ಹೇಳಿಕೊಂಡು ಬಂದರು. ಆಳು ಧನಿಯ ಮಗಳನ್ನೇ ವರಿಸಿದ ಎಂದರೆ ಸಿನಿಮಾಕ್ಕೂ ಆದೀತು, ವಂಶಕ್ಕೂ ಆದೀತು. ಈ ಮಾತು ಸಮಾಧಿಯ ಕಲ್ಲಿನ ಮೇಲೂ ಏರಿ ಕುಳಿತಿತ್ತು.

ಅಷ್ಟರಲ್ಲಿ ಒಂದು ಅವಾಂತರವಾಯಿತು. ಹಡಗಿನವರು ನೆಲೆನಿಂತ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರ್ಯಾಡ್‌ಫರ್ಡ್ ತನ್ನ ಕೈಯಾರೆ ಬರೆದಿಟ್ಟಿದ್ದ ಚರಿತ್ರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಗಲಾಟೆಯಲ್ಲಿ ಬಾಸ್ಟನ್ನಿನಿಂದ ಕಾಣೆಯಾಗಿತ್ತು. ಅದು 1855ರಲ್ಲಿ ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿ ಪತ್ತೆಯಾಗಿ ಮರುವರ್ಷ ಅಚ್ಚಾಯಿತು. ಅದರಲ್ಲಿ ಹಡಗಿನಲ್ಲಿ ಬಂದವರ ಪಟ್ಟಿ ಇತ್ತು. ಯಾರು ಯಾರ ಮನೆಯವರು, ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು ಎಂಬ ವಿವರವಿತ್ತು. ಎಲಿಜಬೆತ್ ಜಾನ್ ಟಿಲ್ಲಿ ಎಂಬಾತನ ಮಗಳು, ಅಪ್ಪ ಅಮ್ಮ ಇಬ್ಬರೂ ಮೊದಲ ಚಳಿಗಾಲದಲ್ಲೇ ತೀರಿಕೊಂಡು ತಬ್ಬಲಿಯಾದವಳು ಎಂಬುದು ಬಯಲಾಯಿತು. ಕಲ್ಲು ಬದಲಾಯಿಸಬೇಕಾಯಿತು. ಈ ಪಟ್ಟಿ ಸಿಗುವವರೆಗೆ ಮೇಫ್ಲವರ್‌ನಲ್ಲಿ ಯಾರಿಗೆ ಬೇಕಾದರೂ ಜಾಗವಿತ್ತು. ಪಟ್ಟಿ ಸಿಕ್ಕ ಮೇಲೆ ಎಷ್ಟೋ ಮುತ್ತಾತಂದಿರನ್ನು ನಡು ಸಮುದ್ರದಲ್ಲೇ ಇಳಿಸಬೇಕಾಯಿತು. ಆ ಹಸ್ತಪ್ರತಿ ಮೆಸಾಚುಸೆಟ್ಸ್‌ಗೆ ವಾಪಸ್ ಬಂದದ್ದು 1897ರಲ್ಲಿ, ಅಂದರೆ ವಂಶಸ್ಥರ ಸಂಘ ಹುಟ್ಟಿದ ವರ್ಷದಲ್ಲೇ. ಕಳ್ಳನೂ ಪೊಲೀಸನೂ ಒಂದೇ ಬಸ್ಸಿಗೆ ಬಂದಿಳಿದರು.

ಪಟ್ಟಿಯಲ್ಲಿ ಬಿಲ್ಲಿಂಗ್ಟನ್ ಕುಟುಂಬವೂ ಇದೆ. ಬ್ರ್ಯಾಡ್‌ಫರ್ಡನಿಗೆ ಆ ಮನೆಯವರನ್ನು ಕಂಡರೆ ಆಗುತ್ತಿರಲಿಲ್ಲ. ಇಂಥ ಕೆಟ್ಟ ಸಂಸಾರ ನಮ್ಮ ನಡುವೆ ಹೇಗೆ ಬಂದು ಸೇರಿಕೊಂಡಿತೋ ಎಂಬ ಅರ್ಥದಲ್ಲಿ ಗೊಣಗಿದ್ದಾನೆ. ಹಡಗು ಇನ್ನೂ ದಡದಲ್ಲಿ ಲಂಗರು ಹಾಕಿದ್ದಾಗಲೇ ಈ ಮನೆಯ ಹುಡುಗ ಫ್ರಾನ್ಸಿಸ್ ಮದ್ದಿನ ಪೀಪಾಯಿಯ ಪಕ್ಕದಲ್ಲಿ ಬಂದೂಕು ಹಾರಿಸಿ ಇಡೀ ಅಮೆರಿಕದ ಇತಿಹಾಸವನ್ನು ಒಂದೇ ಕ್ಷಣದಲ್ಲಿ ಮುಗಿಸಿಬಿಡುವುದರಲ್ಲಿದ್ದ. ಆಮೇಲೆ ಮರ ಹತ್ತಿ ದೂರದಲ್ಲಿ ಮಹಾ ಸಮುದ್ರವೊಂದನ್ನು ಕಂಡೆ ಎಂದ. ಹೋಗಿ ನೋಡಿದರೆ ಕೆರೆ. ಆ ಕೆರೆಗೆ ಇಂದಿಗೂ ‘ಬಿಲ್ಲಿಂಗ್ಟನ್ ಸಮುದ್ರ’ ಎಂದೇ ಹೆಸರು. ಅಪ್ಪ ಜಾನ್ ಬಿಲ್ಲಿಂಗ್ಟನ್ 1630ರಲ್ಲಿ ಜಾನ್ ನ್ಯೂಕಮೆನ್ ಎಂಬವನನ್ನು ಗುಂಡಿಟ್ಟು ಕೊಂದು ಗಲ್ಲಿಗೇರಿದ. ಪ್ಲಿಮತ್ ವಸಾಹತಿನಲ್ಲಿ ಗಲ್ಲು ಕಂಡ ಮೊದಲಿಗ. ಯಾವುದರಲ್ಲಾದರೂ ಮೊದಲಿಗನಾಗಿರಬೇಕು ಎನ್ನುವ ಮೊಮ್ಮಕ್ಕಳಿಗೆ ಇದಕ್ಕಿಂತ ಖಚಿತವಾದ ಪ್ರಥಮ ಸ್ಥಾನ ಸಿಗುವುದಿಲ್ಲ. ಅಮೆರಿಕದ 20ನೇ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಈ ಮನೆತನದವನು. ಸಂಘಕ್ಕೂ ತೊಂದರೆಯಿಲ್ಲ, ಗಲ್ಲಿಗೇರಿದವನ ವಂಶಸ್ಥನಿಗೂ ಗವರ್ನರನ ವಂಶಸ್ಥನಿಗೂ ಸಿಗುವ ಸದಸ್ಯತ್ವ ಒಂದೇ. ನೇಣಿನ ಹಗ್ಗಕ್ಕೂ ದಾಖಲೆ ಇರಬೇಕು, ಅಷ್ಟೆ.

ಸ್ಟೀಫನ್ ಹಾಪ್ಕಿನ್ಸನ ಇಬ್ಬರು ಆಳುಗಳು, ಎಡ್ವರ್ಡ್ ಡೋಟಿ ಮತ್ತು ಎಡ್ವರ್ಡ್ ಲೀಸ್ಟರ್, ಬಂದ ಮರುವರ್ಷವೇ ಕತ್ತಿ ಬಾಕು ಹಿಡಿದು ಕಾದಾಡಿ ಗಾಯ ಮಾಡಿಕೊಂಡರು. ತಲೆಯನ್ನೂ ಕಾಲನ್ನೂ ಸೇರಿಸಿ ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಡಬೇಕೆಂದು ಶಿಕ್ಷೆಯಾಯಿತು. ಒಂದು ಗಂಟೆಯೊಳಗೆ ನರಳಾಟ ಕೇಳಲಾರದೆ ಬಿಚ್ಚಿದರು. ಅವರ ಧನಿ ಹಾಪ್ಕಿನ್ಸನೂ ಕಡಿಮೆಯವನಲ್ಲ. 1609ರಲ್ಲಿ ಬರ್ಮುಡಾದಲ್ಲಿ ಹಡಗು ಒಡೆದು ಸಿಕ್ಕಿಕೊಂಡಿದ್ದಾಗ ದಂಗೆಯ ಮಾತಾಡಿ ಮರಣದಂಡನೆ ಹೊತ್ತು, ಹೆಂಡತಿ ಮಕ್ಕಳ ಹೆಸರು ಹೇಳಿ ಅತ್ತು ಜೀವ ಉಳಿಸಿಕೊಂಡ. ಮುಂದೆ ಪ್ಲಿಮತ್‌ನಲ್ಲಿ ಭಾನುವಾರ ಮನೆಯಲ್ಲಿ ಜನರನ್ನು ಕೂರಿಸಿಕೊಂಡು ಕುಡಿಸಿದ್ದಕ್ಕೆ ಮೊಕದ್ದಮೆ ಎದುರಿಸಿದ. ಇವೆಲ್ಲ ಕಾಗದಗಳಲ್ಲಿವೆ. ಕಪ್ಪು ಟೋಪಿಯ ಚಿತ್ರದಲ್ಲಿ ಮಾತ್ರ ಇಲ್ಲ.

ಮುತ್ತಾತನಿಂದ ಮರ್ಯಾದೆ ಸಿಕ್ಕರೆ ಸಾಲದು, ಆಸ್ತಿಯೂ ಸಿಗಬೇಕು ಎಂದು ಹೊರಟವರೂ ಇದ್ದಾರೆ. ಪ್ಲಿಮತ್‌ನ ಸೇನಾಪತಿ ಮೈಲ್ಸ್ ಸ್ಟ್ಯಾಂಡಿಷ್ 1656ರಲ್ಲಿ ಸಾಯುವ ಮುನ್ನ ಮಾಡಿದ ಉಯಿಲಿನಲ್ಲಿ, ಲ್ಯಾಂಕಾಷೈರಿನಲ್ಲೂ ಮ್ಯಾನ್ ದ್ವೀಪದಲ್ಲೂ ತನಗೆ ಸೇರಬೇಕಾದ ಜಮೀನುಗಳಿದ್ದು ಅವನ್ನು ಯಾರೋ ಮೋಸದಿಂದ ಇಟ್ಟುಕೊಂಡಿದ್ದಾರೆ ಎಂದು ಬರೆಸಿ, ಕೈಗೆ ಸಿಗದ ಆ ಜಮೀನನ್ನು ಮಗನಿಗೆ ದಯಪಾಲಿಸಿದ. ಕೋರ್ಟಿನ ಮೆಟ್ಟಿಲು ಕಂಡ ಯಾವ ಮನೆತನಕ್ಕೂ ಇದು ಹೊಸ ವಿಷಯವಲ್ಲ. ಹೊಸದೆಂದರೆ, ಸುಮಾರು ಎರಡು ಶತಮಾನ ಕಳೆದ ಮೇಲೆ, 1846ರಲ್ಲಿ, ಮರಿಮಕ್ಕಳೆಲ್ಲ ಸೇರಿ ಚಂದಾ ಎತ್ತಿ ಇಂಗ್ಲೆಂಡಿಗೆ ಒಬ್ಬ ಏಜೆಂಟನನ್ನು ಕಳಿಸಿದರು. ಅವನು ಚೋರ್ಲಿ ಎಂಬ ಊರಿನ ಚರ್ಚಿಗೆ ಹೋಗಿ ಹಳೆಯ ರಿಜಿಸ್ಟರ್ ತೆರೆಸಿದ. ಸ್ಟ್ಯಾಂಡಿಷ್ ಹುಟ್ಟಿದ್ದು 1584ರಲ್ಲಿ ಎಂದು ಇವರೇ ಲೆಕ್ಕ ಹಾಕಿದ್ದರು. ಆ ವರ್ಷದ ಪುಟ ನೋಡಿದರೆ ಅಕ್ಷರ ಕಾಣುತ್ತಿಲ್ಲ!

ಪುಟದಲ್ಲಿ ಹೆಸರು ಇದ್ದಿದ್ದರೆ ಸಾಕ್ಷಿ ಸಿಕ್ಕಂತಾಗುತ್ತಿತ್ತು. ಪುಟವೇ ಅಳಿಸಿಹೋಗಿದ್ದರಿಂದ ಅದಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕಿತು: ಆಸ್ತಿ ನುಂಗಿದವರೇ ಬೇಕೆಂದು ಉಜ್ಜಿ ಅಳಿಸಿದ್ದಾರೆ. ಆಮೇಲೆ ಅದನ್ನು ನಿಧಾನವಾಗಿ ನೋಡಿದ ಇಂಗ್ಲಿಷ್ ಸಂಶೋಧಕರಿಗೆ ಸವೆತವೂ ಕೊಳೆಯೂ ಕಂಡವೇ ಹೊರತು ಸಂಚು ಕಾಣಲಿಲ್ಲ. ಆದರೆ ಸಂಚಿನಲ್ಲಿರುವ ಸುಖ ಕೊಳೆಯಲ್ಲಿ ಎಲ್ಲಿದೆ? ಜಮೀನು ಬರಲಿಲ್ಲ, ಚಂದಾ ಹೋಯಿತು. ಸ್ಟ್ಯಾಂಡಿಷ್ ನಮ್ಮವನು ಎಂದು ಲ್ಯಾಂಕಾಷೈರಿನವರೂ ಮ್ಯಾನ್ ದ್ವೀಪದವರೂ ಇಂದಿಗೂ ಎಳೆದಾಡುತ್ತಾರೆ. ಏಜೆಂಟನನ್ನು ಕಳಿಸಿದ ಹನ್ನೆರಡು ವರ್ಷಗಳ ಮೇಲೆ ಕವಿ ಲಾಂಗ್‌ಫೆಲೊ ಸ್ಟ್ಯಾಂಡಿಷ್‌ನ ಪ್ರಣಯದ ಮೇಲೆ ಉದ್ದನೆಯ ಕಾವ್ಯ ಬರೆದ. ಅದರಲ್ಲಿ ಸೇನಾಪತಿಗೆ ಹುಡುಗಿ ದಕ್ಕುವುದಿಲ್ಲ. ದೂತನಾಗಿ ಹೋದ ಜಾನ್ ಆಲ್ಡನ್ ಅವಳನ್ನು ಒಲಿಸಿಕೊಂಡು ಬರುತ್ತಾನೆ. ಲಾಂಗ್‌ಫೆಲೊ ಯಾರ ವಂಶದವನು ಗೊತ್ತೇ? ಆಲ್ಡನ್ ವಂಶದವನು. ಆಸ್ತಿ ಹೋದರೆ ಹೋಗಲಿ, ಮನೆಯಲ್ಲೊಬ್ಬ ಕವಿ ಇಲ್ಲದಿದ್ದರೆ ಮಾನವೂ ಹೋಗುತ್ತದೆ.

ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯುತ್ತದೆ. 19ನೇ ಶತಮಾನದಲ್ಲಿ ಹೊರೇಷಿಯೊ ಗೇಟ್ಸ್ ಸೋಮರ್‌ಬಿ ಎಂಬಾತ ಇಂಗ್ಲೆಂಡಿನಲ್ಲಿ ಕೂತು ಅಮೆರಿಕದ ಗಿರಾಕಿಗಳಿಗೆ ಕುಲೀನ ಪೂರ್ವಜರನ್ನು ಒದಗಿಸುತ್ತಿದ್ದ. ಅದರಲ್ಲಿ ಎಷ್ಟೋ ಸ್ವಂತ ತಯಾರಿಕೆ. ಈ ಕಸುಬಿನ ಚಕ್ರವರ್ತಿ ಮಾತ್ರ ಗುಸ್ತಾವ್ ಆಂಜೂ. ಅವನು ಹುಟ್ಟಿದ್ದು ಸ್ವೀಡನ್ನಿನಲ್ಲಿ, ಹುಟ್ಟಿದಾಗಿನ ಹೆಸರು ಬೇರೆ. 1886ರಲ್ಲಿ ಅಲ್ಲಿ ನಕಲಿ ದಾಖಲೆ ಸೃಷ್ಟಿಸಿದ್ದಕ್ಕೆ ಜೈಲಿಗೆ ಹೋದ. ಹೊರಬಂದು ಅಮೆರಿಕಕ್ಕೆ ಬಂದು, ಫ್ರೆಂಚ್ ರಾಜವಂಶದ ವಾಸನೆಯಿರುವ ಹೆಸರಿಟ್ಟುಕೊಂಡು, ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ವಂಶಾವಳಿಯ ಕಾರ್ಖಾನೆ ಹಾಕಿದ. ಜೈಲಿಗೆ ಕಳಿಸಿದ ವಿದ್ಯೆ ಹಾಳಾಗಲಿಲ್ಲ. ನಮ್ಮ ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಮನೆ ಬಾಗಿಲಿಗೇ ಬಂದು ಏಳೇಳು ತಲೆಮಾರು ಹೇಳಿ ಒಂದಿಷ್ಟು ಜೋಳಕ್ಕೆ ತೃಪ್ತರಾಗಿ ಹೋಗುತ್ತಾರೆ. ಆಂಜೂ ಸಾಹೇಬರ ದರ ಸುಮಾರು 9,000 ಡಾಲರ್ ಎಂದು ಹೇಳುತ್ತಾರೆ, ಅದೂ ನೂರು ವರ್ಷದ ಹಿಂದಿನ ಡಾಲರ್.

ಅವನ ಕೈಚಳಕವನ್ನು ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ಎಂಬ ಸಂಶೋಧಕರು 1991ರಲ್ಲಿ ಬಿಡಿಸಿಟ್ಟರು. ಪುಟ ತುಂಬ ನಿಜವಾದ ದಾಖಲೆಗಳ ಉಲ್ಲೇಖ. ಹೋಗಿ ನೋಡಿದರೆ ದಾಖಲೆ ಅಲ್ಲೇ ಇದೆ, ಅವನು ಹೇಳಿದ್ದೇ ಅದರಲ್ಲಿದೆ. ಹತ್ತು ಕಡೆ ನೋಡಿ ನಂಬಿಕೆ ಬಂದ ಮೇಲೆ ಹನ್ನೊಂದನೆಯದನ್ನು ಯಾರು ನೋಡುತ್ತಾರೆ? ಆ ಹನ್ನೊಂದನೆಯ ಉಯಿಲು ಮಾತ್ರ ಆಂಜೂ ಬರೆದದ್ದು. ವಲಸೆ ಬಂದ ಬಡಪಾಯಿಯನ್ನು ಇಂಗ್ಲೆಂಡಿನ ಸಾಹುಕಾರರ ಮನೆಗೆ ದತ್ತು ಕೊಡುವ ಕಾಗದ ಅದೇ. ಸುಳ್ಳು ಹೇಳಬೇಕೆಂದರೆ ಎಷ್ಟು ನಿಜ ಹೇಳಬೇಕು ಎಂಬ ಪ್ರಮಾಣ ಗೊತ್ತಿದ್ದ ಮಹಾನುಭಾವ. 1942ರಲ್ಲಿ ಸತ್ತ. ಅವನು ಹುಟ್ಟಿಸಿದ ಮುತ್ತಾತಂದಿರು ಸಾಯಲಿಲ್ಲ. ಇಂದಿಗೂ ಒಬ್ಬರ ವಂಶವೃಕ್ಷದಿಂದ ಇನ್ನೊಬ್ಬರದಕ್ಕೆ ನಕಲಾಗುತ್ತ, ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾರೆ.

ಇದೇ ಆಂಡರ್ಸನ್ನರು 1988ರಲ್ಲಿ ಶುರುಮಾಡಿದ ಮಹಾವಲಸೆಯ ಅಧ್ಯಯನ, 1620ರಿಂದ 1640ರವರೆಗೆ ನ್ಯೂ ಇಂಗ್ಲೆಂಡಿಗೆ ಬಂದ ಸುಮಾರು 20,000 ಜನರ ಬೆನ್ನು ಹತ್ತಿದೆ. ಅಲ್ಲಿ ಪುರಾವೆ ಇಲ್ಲದಿದ್ದರೆ ಇಲ್ಲ ಎಂದು ಬರೆಯುತ್ತಾರೆ. ಹೆಸರು ಒಂದೇ ಎಂದ ಮಾತ್ರಕ್ಕೆ ಮನುಷ್ಯನೂ ಒಬ್ಬನೇ ಎಂದು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ 1538ರಿಂದ ಊರೂರ ಚರ್ಚುಗಳಲ್ಲಿ ಹುಟ್ಟು ಮದುವೆ ಸಾವು ಬರೆದಿಡುವ ಪದ್ಧತಿ ಬಂತು, ನಿಜ. ಆದರೆ ಅರ್ಧ ಊರಿಗೆ ಜಾನ್ ಎಂದೇ ಹೆಸರಿಟ್ಟರೆ ರಿಜಿಸ್ಟರ್ ಏನು ಮಾಡೀತು? ಹುಡುಕುವವನು ತನಗೆ ಬೇಕಾದ ಜಾನ್‌ನನ್ನು ಆರಿಸಿಕೊಳ್ಳುತ್ತಾನೆ. ಆ ಜಾನ್ ತೊಟ್ಟಿಲಲ್ಲೇ ಸತ್ತಿದ್ದ ಎಂಬುದು ಮೂರು ಪುಟದ ಮುಂದೆ ಇರುತ್ತದೆ, ಆ ಪುಟ ತೆರೆಯುವುದಿಲ್ಲ. ಪ್ರಾಮಾಣಿಕ ಸಂಶೋಧಕರು ತೆರೆಯುತ್ತಾರೆ. ಪ್ಲಿಮತ್‌ನ ಚಳಿಗಾಲಕ್ಕಿಂತ ಹೆಚ್ಚು ಮುತ್ತಾತಂದಿರನ್ನು ಕೊಂದವರು ಅವರೇ.

ಮನುಷ್ಯರನ್ನು ಬಿಡಿ, ಕಲ್ಲಿಗೂ ಇಲ್ಲಿ ವಂಶಾವಳಿ ಬೇಕು. ವಲಸಿಗರು ಮೊದಲು ಕಾಲಿಟ್ಟರೆನ್ನುವ ‘ಪ್ಲಿಮತ್ ಬಂಡೆ’ಯ ಬಗ್ಗೆ ಬ್ರ್ಯಾಡ್‌ಫರ್ಡ್ ಒಂದು ಸಾಲನ್ನೂ ಬರೆದಿಲ್ಲ. 1741ರಲ್ಲಿ, ಅಂದರೆ 121 ವರ್ಷಗಳ ಮೇಲೆ, ತೊಂಬತ್ತು ದಾಟಿದ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಹೊತ್ತು ತಂದಾಗ, ಇದೇ ಆ ಬಂಡೆ ಎಂದು ನಮ್ಮಪ್ಪ ಹೇಳುತ್ತಿದ್ದರು ಎಂದರು. ಅವರಪ್ಪ ಬಂದದ್ದು 1623ರಲ್ಲಿ. 1774ರಲ್ಲಿ ಎತ್ತು ಕಟ್ಟಿ ಎಳೆಯಹೋದಾಗ ಬಂಡೆ ಎರಡು ಹೋಳಾಯಿತು. ಜನ ಚೂರು ಚೂರು ಕಿತ್ತುಕೊಂಡು ಹೋದರು. 1620 ಎಂಬ ಅಂಕಿಯನ್ನು 1880ರಲ್ಲಿ ಕೆತ್ತಿದರು. ಇಷ್ಟಾದ ಮೇಲೆ ಅದು ಅಸಲಿ ಅಲ್ಲ ಎನ್ನಲು ಯಾರಿಗೆ ಧೈರ್ಯ? ಅತ್ತ ಇಂಗ್ಲೆಂಡಿನ ಬಕಿಂಗ್‌ಹ್ಯಾಂಷೈರಿನಲ್ಲಿ ಮೇಫ್ಲವರ್ ಹಡಗಿನ ಮರದಿಂದಲೇ ಕಟ್ಟಿದ್ದೆಂದು ಒಂದು ಕಣಜವನ್ನು 1920ರಲ್ಲಿ ಒಬ್ಬ ವಿದ್ವಾಂಸರು ಪತ್ತೆಮಾಡಿದರು. ಹಡಗಿಗೆ ಮುನ್ನೂರು ವರ್ಷ ತುಂಬಿದ ವರ್ಷದಲ್ಲೇ ಕಣಜಕ್ಕೆ ತನ್ನ ಪೂರ್ವಜನ್ಮ ನೆನಪಾಯಿತು.

ಇಲ್ಲಿಯವರೆಗೆ ನಗಬಹುದು. ದಕ್ಷಿಣಕ್ಕೆ, ವರ್ಜೀನಿಯಕ್ಕೆ ಇಳಿದರೆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಹಳೆಯ ಶ್ರೀಮಂತ ಮನೆತನಗಳು ಮೇಫ್ಲವರ್‌ನವರನ್ನು ತಡವಾಗಿ ಬಂದವರೆಂದೇ ಕಾಣುತ್ತವೆ. ಅವರ ಜೇಮ್ಸ್‌ಟೌನ್ 1607ರದು. ಅಲ್ಲಿನ ಹೊಗೆಸೊಪ್ಪಿನ ಬೆಳೆಗಾರ ಜಾನ್ ರಾಲ್ಫ್ 1614ರಲ್ಲಿ ಪೌಹಾಟನ್ ದೊರೆಯ ಮಗಳು ಪೊಕಹಾಂಟಸಳನ್ನು ಮದುವೆಯಾದ. ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದ. ವಾಪಸ್ ಹೊರಟಾಗ 1617ರಲ್ಲಿ ಅವಳು ಗ್ರೇವ್ಸೆಂಡಿನಲ್ಲಿ ತೀರಿಕೊಂಡಳು. ಒಬ್ಬನೇ ಮಗ, ಆ ಮಗನಿಗೊಬ್ಬಳು ಮಗಳು, ಅವಳಿಂದ ಬೋಲಿಂಗ್ ಮನೆತನ, ಅಲ್ಲಿಂದ ವರ್ಜೀನಿಯದ ದೊಡ್ಡ ದೊಡ್ಡ ಹೆಸರುಗಳು. ‘ನಮ್ಮ ಮುತ್ತಜ್ಜಿ ರಾಜಕುಮಾರಿ’ ಎಂದು ಅವರು ಹೇಳಿಕೊಂಡು ಬಂದರು. ದೊರೆಮಗಳಾದರೆ ಮೈಬಣ್ಣ ಲೆಕ್ಕಕ್ಕೆ ಬರುವುದಿಲ್ಲ.

1924ರಲ್ಲಿ ವರ್ಜೀನಿಯದ ಶಾಸನಸಭೆ ಜನಾಂಗ ಶುದ್ಧಿಯ ಕಾನೂನು ಮಾಡಿತು. ಬಿಳಿಯರ ರಕ್ತದಲ್ಲಿ ಬೇರೆ ರಕ್ತದ ಒಂದು ಹನಿಯೂ ಇರಕೂಡದು. ಇದ್ದರೆ ಅವರು ಬಿಳಿಯರಲ್ಲ, ಬಿಳಿಯರನ್ನು ಮದುವೆಯಾಗುವಂತಿಲ್ಲ. ಕರಡು ನೋಡಿದ ಮೇಲೆ ಸಭ್ಯರಿಗೆ ಬೆವರು ಬಂತು. ಈ ಲೆಕ್ಕದಲ್ಲಿ ರಾಜ್ಯದ ಅತ್ಯಂತ ಬಿಳಿ ಮನೆತನಗಳೇ ಬಿಳಿಯಲ್ಲ! ಕೂಡಲೇ ಒಂದು ಕಿಂಡಿ ಕೊರೆದರು: ಹದಿನಾರರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಅಮೆರಿಕನ್ ಇಂಡಿಯನ್ ರಕ್ತವಿದ್ದು ಮಿಕ್ಕದ್ದೆಲ್ಲ ಬಿಳಿಯಾಗಿದ್ದರೆ ಅವರು ಬಿಳಿಯರೇ. ಇದಕ್ಕೆ ಇತಿಹಾಸದಲ್ಲಿ ‘ಪೊಕಹಾಂಟಸ್ ವಿನಾಯಿತಿ’ ಎಂದೇ ಹೆಸರು. ಅಜ್ಜಿಗಾಗಿ ಕಾನೂನು ತಿದ್ದಿದ ಮೊಮ್ಮಕ್ಕಳನ್ನು ಮೆಚ್ಚಬೇಕು. ಆ ಕಾನೂನು ಬರುವ ಕೆಲವೇ ವರ್ಷ ಮೊದಲು ಶ್ವೇತಭವನದಲ್ಲಿದ್ದ ಎಡಿತ್ ಬೋಲಿಂಗ್ ವಿಲ್ಸನ್ ತಾವು ಪೊಕಹಾಂಟಸಳ ವಂಶದವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರ ಪತಿ ಅಧ್ಯಕ್ಷ ವುಡ್ರೊ ವಿಲ್ಸನ್ನರ ಆಡಳಿತ ಸರ್ಕಾರಿ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸಿತ್ತು.

ಪೊಕಹಾಂಟಸಳ ತವರಿನವರ ಗತಿ? ರಾಜ್ಯದ ಜನನ ಮರಣ ನೋಂದಣಿಯ ಅಧಿಕಾರಿ ವಾಲ್ಟರ್ ಪ್ಲೆಕರ್ ಪ್ರಕಾರ ವರ್ಜೀನಿಯದಲ್ಲಿ ನಿಜವಾದ ಇಂಡಿಯನ್ನರು ಉಳಿದೇ ಇರಲಿಲ್ಲ. ಹಾಗೆ ಹೇಳಿಕೊಳ್ಳುವವರೆಲ್ಲ ಕರಿಯರು ಎಂದು ಅವನು ದಾಖಲೆಗಳಲ್ಲೇ ಅವರ ಜಾತಿ ತಿದ್ದಿಸಿದ. ಅಜ್ಜಿಯ ಮೊಮ್ಮಕ್ಕಳು ಬಿಳಿಯರಾದರು. ಅಜ್ಜಿಯ ಅಣ್ಣತಮ್ಮಂದಿರ ಮೊಮ್ಮಕ್ಕಳು ಕಾಗದದಲ್ಲಿ ಇಲ್ಲವಾದರು. ಆ ಕಾನೂನು ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 1967ರಲ್ಲಿ. ಆ ತವರಿನವರಾದ ಪಮಂಕಿ ಬುಡಕಟ್ಟಿಗೆ ಕೇಂದ್ರ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2015ರಲ್ಲಿ, ಪ್ರತಿ ತಲೆಮಾರಿಗೂ ಪುರಾವೆ ಒಪ್ಪಿಸಿದ ಮೇಲೆ. ಹಡಗು ಬಂದು ನಿಂತಾಗ ದಡದಲ್ಲಿ ನಿಂತು ನೋಡಿದವರು ತಾವು ಅಲ್ಲಿದ್ದೆವು ಎಂದು ಸಾಬೀತುಪಡಿಸಲು ನಾನೂರು ವರ್ಷ ಬೇಕಾಯಿತು.

ಇನ್ನೊಂದು ಮನೆತನದ ಕಥೆ ಕೇಳಿ. 1640ರಲ್ಲಿ ವರ್ಜೀನಿಯದಲ್ಲಿ ಮೂವರು ಆಳುಗಳು ಧನಿಯನ್ನು ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದರು. ಒಬ್ಬ ಡಚ್ಚರವನು, ಒಬ್ಬ ಸ್ಕಾಟ್ಲೆಂಡಿನವನು, ಮೂರನೆಯವನು ಜಾನ್ ಪಂಚ್ ಎಂಬ ಆಫ್ರಿಕದವನು. ಮೂವರಿಗೂ ಛಡಿಯೇಟು ಸಮವಾಗಿ ಬಿತ್ತು. ಆಮೇಲೆ ಮೊದಲ ಇಬ್ಬರಿಗೆ ನಾಲ್ಕು ವರ್ಷ ಹೆಚ್ಚಿನ ದುಡಿಮೆ. ಪಂಚ್‌ಗೆ ಜೀವ ಇರುವವರೆಗೆ. ಆ ನೆಲದಲ್ಲಿ ಬಣ್ಣ ನೋಡಿ ಜೀವಮಾನದ ಗುಲಾಮಗಿರಿ ಬರೆದ ಮೊದಲ ತೀರ್ಪುಗಳಲ್ಲಿ ಅದೊಂದು. 2012ರಲ್ಲಿ ವಂಶ ಸಂಶೋಧಕರು, ಬರಾಕ್ ಒಬಾಮಾ ಈ ಪಂಚ್‌ನ ವಂಶದವರಾಗಿರುವ ಸಾಧ್ಯತೆ ಬಲವಾಗಿದೆ ಎಂದರು. ಅದೂ ಕೀನ್ಯಾದ ತಂದೆಯ ಕಡೆಯಿಂದಲ್ಲ, ಕಾನ್ಸಾಸಿನ ಬಿಳಿಯ ತಾಯಿಯ ಕಡೆಯಿಂದ. ಅದರ ಹಿಂದಿನ ವರ್ಷವಷ್ಟೇ ನೀನು ಇಲ್ಲಿ ಹುಟ್ಟಿದವನೇ ಅಲ್ಲ, ಸರ್ಟಿಫಿಕೇಟ್ ತೋರಿಸು ಎಂದು ಪೀಡಿಸಿ ಅವರಿಂದ ಜನನ ಪತ್ರ ಹೊರಹಾಕಿಸಿದ್ದರು. ಹಾಗೆ ಕೂಗಿದವರಲ್ಲಿ ಎಷ್ಟು ಜನರ ತಾತ 1640ರಲ್ಲಿ ಅಲ್ಲಿದ್ದ?

ನಮ್ಮ ಕಡೆಗೂ ಈ ಕಥೆಯ ಒಂದು ಕೊಂಡಿ ಇದೆ. ಬಾಸ್ಟನ್ನಿನಲ್ಲಿ 1649ರಲ್ಲಿ ನ್ಯೂ ಇಂಗ್ಲೆಂಡಿನ ಆರಂಭದ ವಲಸಿಗ ಕುಟುಂಬವೊಂದರಲ್ಲಿ ಎಲಿಹು ಯೇಲ್ ಹುಟ್ಟಿದ. ಚಿಕ್ಕಂದಿನಲ್ಲೇ ಮನೆಯವರೊಡನೆ ಇಂಗ್ಲೆಂಡಿಗೆ ಮರಳಿ, ಈಸ್ಟ್ ಇಂಡಿಯಾ ಕಂಪನಿ ಸೇರಿ, 1687ರಲ್ಲಿ ಮದರಾಸಿನ ಗವರ್ನರಾದ. ಕಂಪನಿಗಿಂತ ತನಗೇ ಹೆಚ್ಚು ಸಂಪಾದಿಸಿದನೆಂದು 1692ರಲ್ಲಿ ಕೆಲಸದಿಂದ ಕಿತ್ತರು. ಕೆಲಸ ಹೋಯಿತು, ದುಡ್ಡು ಹೋಗಲಿಲ್ಲ. ಕನೆಕ್ಟಿಕಟ್‌ನ ಒಂದು ಬಡ ಕಾಲೇಜು ಕೈಚಾಚಿದಾಗ 1718ರಲ್ಲಿ ಒಂಬತ್ತು ಮೂಟೆ ಸರಕು, 417 ಪುಸ್ತಕ, ರಾಜನದೊಂದು ಚಿತ್ರ ಕಳಿಸಿದ. ಸರಕು ಮಾರಿ ಬಂದ ಹಣ 560 ಪೌಂಡ್ ಚಿಲ್ಲರೆ. ಅಷ್ಟಕ್ಕೆ ಕಾಲೇಜು ಅವನ ಹೆಸರನ್ನೇ ಇಟ್ಟುಕೊಂಡಿತು. ಕೋರಮಂಡಲದ ದುಡ್ಡಿಗೆ ಸಿಕ್ಕ ಅತ್ಯಂತ ಅಗ್ಗದ ಅಮರತ್ವ ಇದೇ ಇರಬೇಕು.

ಅವನಿಗಿಂತ ಮೊದಲೇ, ಎದುರು ದಿಕ್ಕಿನಲ್ಲಿ ಹೋದವನೊಬ್ಬನಿದ್ದಾನೆ. ವರ್ಜೀನಿಯದಲ್ಲಿ ಹಡಗಿನ ಖರ್ಚು ಕೊಟ್ಟು ಒಬ್ಬ ಆಳನ್ನು ತರಿಸಿದ ಧನಿಗೆ ತಲೆಗೆ 50 ಎಕರೆಯಂತೆ ಜಮೀನು ಕೊಡುತ್ತಿದ್ದರು. 1635ರಲ್ಲಿ ಜಾರ್ಜ್ ಮೆನಿಫೀ ಎಂಬ ಜಮೀನುದಾರ ಹೀಗೆ ಎಣಿಸಿ ತೋರಿಸಿದ ತಲೆಗಳಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂಬುದೂ ಒಂದು. ತಾಯಿ ಇಟ್ಟ ಹೆಸರು ಟೋನಿ ಆಗಿರಲಾರದು. ಊರಿಲ್ಲ, ತಂದೆಯ ಹೆಸರಿಲ್ಲ, ಹಡಗಿನ ಹೆಸರಿಲ್ಲ. ಒಂದು ಹೆಸರು, ಒಂದು ದೇಶ, 50 ಎಕರೆ. ಮೇಫ್ಲವರ್ ಬಂದು ಹದಿನೈದೇ ವರ್ಷಕ್ಕೆ ಭಾರತದವನೊಬ್ಬ ಅಮೆರಿಕದ ದಾಖಲೆಯಲ್ಲಿದ್ದಾನೆ. ಬೆಳ್ಳಿ ರಟ್ಟಿನ ಪುಸ್ತಕ ಅವನಿಗಿಲ್ಲ, ವಂಶಸ್ಥರ ಸಂಘವೂ ಇಲ್ಲ.

ಆದ್ದರಿಂದ ಬಾಸ್ಟನ್, ನ್ಯೂಜೆರ್ಸಿ ಕಡೆ ಇರುವ ನಮ್ಮ ಕನ್ನಡ ಕೂಟಗಳ ಅಪ್ಪ ಅಮ್ಮಂದಿರಿಗೆ ಒಂದು ಬಿನ್ನಹ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ಪಕ್ಕದ ಮಗು ಮೇಫ್ಲವರ್ ಚಿತ್ರ ಅಂಟಿಸಿಕೊಂಡು ಬರಬಹುದು. ನಾವು ಮೊನ್ನೆ ಮೊನ್ನೆ ಎಚ್-1ಬಿ ವೀಸಾದ ಮೇಲೆ ಬಂದವರಲ್ಲವೇ ಎಂದು ನಿಮ್ಮ ಮಗು ಮುದುಡುವುದು ಬೇಡ. ಟೋನಿ ನಮ್ಮ ತಾತ ಎಂದು ಮಾತ್ರ ಬರೆಸಬೇಡಿ. ಆ ಕೆಲಸಕ್ಕೆ ಆಂಜೂ ಇದ್ದ. ಟೋನಿಯ ಹೆಸರನ್ನು ಮಗುವಿಗೆ ಹೇಳಿಕೊಡಿ, 1635 ಎಂಬ ಇಸವಿಯನ್ನೂ ಹೇಳಿಕೊಡಿ. ಅವನು ಹೋದದ್ದಕ್ಕೆ ಸಿಕ್ಕ ಜಮೀನು ಯಾರ ಹೆಸರಿಗೆ ನೋಂದಣಿಯಾಯಿತು ಎಂಬುದನ್ನು ಮರೆಯದೆ ಹೇಳಿ.